ಒಂದೇ ದಿನ, ಹನ್ನೊಂದು ಗುಡಿ: ಅಪ್ಪ ಅವ್ವನನ್ನು ಕರೆದುಕೊಂಡು ಹೋಗಬಹುದೇ?

ಬ್ರಹ್ಮಪುರದವನು

ಎಲ್ಲರಿಗೂ ಶರಣು ಶರಣಾರ್ಥಿ. ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ, ಮನೆ ಕಲಬುರಗಿಯಲ್ಲೇ. ಡಿಸೆಂಬರ್ ಕೊನೆಯ ವಾರ ಊರಿಗೆ ಬರುತ್ತೇನೆ. ಅಪ್ಪನಿಗೆ ಅರವತ್ತೆಂಟು, ಕಾಲೇಜಿನಲ್ಲಿ ಗ್ರಂಥಪಾಲಕರಾಗಿದ್ದು ನಿವೃತ್ತರಾದವರು. ಅವ್ವನಿಗೆ ಮೊಣಕಾಲು ನೋವು. ಹುಟ್ಟಿದಾಗಿನಿಂದ ಇದೇ ಜಿಲ್ಲೆಯಲ್ಲಿದ್ದರೂ ಶರಣಬಸವೇಶ್ವರರ ಗುಡಿ, ಗಾಣಗಾಪುರ ಬಿಟ್ಟರೆ ಇಬ್ಬರೂ ಸುತ್ತಲಿನ ಏನನ್ನೂ ನೋಡಿಲ್ಲ. ಹಂಪಿ, ಬಾದಾಮಿ ಆಗಿವೆ, ಚಿತ್ತಾಪುರದ ಪಕ್ಕದ ನಾಗಾವಿ ಆಗಿಲ್ಲ.

ಮೊನ್ನೆ ಮೊಬೈಲ್‌ಗೆ ಒಂದು ಪ್ರವಾಸದ ಪಟ್ಟಿ ಬಂತು. ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ವಾಪಸ್. ಗಾಣಗಾಪುರ, ಸನ್ನತಿ, ಕನಗನಹಳ್ಳಿ, ನಾಗಾವಿ, ಮಳಖೇಡ, ಸೇಡಂ, ಕಾಳಗಿ ಹೀಗೆ ಎಣಿಸಿದರೆ ಹನ್ನೊಂದು ಜಾಗ. ಗೈಡ್, ಚಹಾ, ಊಟ ಎಲ್ಲ ಸೇರಿದೆಯಂತೆ. ಅಪ್ಪನಿಗೆ ಪಟ್ಟಿ ತೋರಿಸಿದೆ, ಬಹಳ ಖುಷಿಯಾಗಿದ್ದಾರೆ. ಹೋಗಿ ಬಂದವರು ಯಾರಾದರೂ ಇದ್ದೀರಾ?

ಬಿಸಿಲೂರು

ಹನ್ನೊಂದು ಗುಡಿಯೋ, ಹನ್ನೊಂದು ಕಡೆ ಚಪ್ಪಲಿ ಬಿಡುವುದೋ?

ಕ್ರೂಸರ್ ಹಿಂದಿನ ಸೀಟು

ನಾನು ಹೋಗಿ ಬಂದವನು. ಇದೇ ಪ್ರವಾಸವೋ ಬೇರೆಯವರದೋ ಹೇಳಲಾರೆ, ಹೆಸರೂ ಹಾಕುವುದಿಲ್ಲ. ಪಟ್ಟಿ ಮಾತ್ರ ಹೆಚ್ಚು ಕಡಿಮೆ ಇದೇ.

ಆರು ಗಂಟೆ ಎಂದವರು ಹೊರಟದ್ದು ಏಳೂ ನಲವತ್ತಕ್ಕೆ. ಒಂದು ಕ್ರೂಸರ್‌ನಲ್ಲಿ ಹದಿನಾಲ್ಕು ಜನ. ಹಿಂದೆ ಎದುರು ಬದುರು ಸೀಟಿನಲ್ಲಿ ನಮ್ಮ ಕಾಕಾ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಗಾಣಗಾಪುರ ಬರುವ ಹೊತ್ತಿಗೆ ಅರ್ಧ ಸೋತಿದ್ದರು. ಅಲ್ಲಿ ದರ್ಶನದ ಸರದಿ ಮುಗಿದಾಗ ಹನ್ನೊಂದೂವರೆ. ಗಾಣಗಾಪುರ ಕಲಬುರಗಿಗೆ ಪಶ್ಚಿಮ, ಮಳಖೇಡ ಪೂರ್ವ, ಸನ್ನತಿ ದಕ್ಷಿಣ. ಪಟ್ಟಿ ಬರೆದ ಪುಣ್ಯಾತ್ಮ ನಕ್ಷೆ ನೋಡಿಯೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ಸನ್ನತಿಯಲ್ಲಿ ಇಪ್ಪತ್ತು ನಿಮಿಷ, ನಾಗಾವಿಯಲ್ಲಿ ಹತ್ತು. ಮಳಖೇಡಕ್ಕೆ ಬಂದಾಗ ಕತ್ತಲಾಗಿತ್ತು, ಬಸದಿಯ ಬಾಗಿಲು ಹಾಕಿತ್ತು. ಮೊಬೈಲ್ ಬೆಳಕಿನಲ್ಲಿ ಕೋಟೆಯ ಗೋಡೆ ನೋಡಿ, 'ನೋಡಿದೆವು' ಎಂದು ಬಂದೆವು. ಕಾಳಗಿ, ಸೇಡಂ ಪಟ್ಟಿಯಲ್ಲೇ ಉಳಿದವು.

ಗೈಡ್ ಎಂದರೆ ಚಾಲಕನ ಅಕ್ಕನ ಮಗ. ಪಾಪ, ಒಳ್ಳೆಯ ಹುಡುಗ. ಯಾವ ಗುಡಿ ಕೇಳಿದರೂ ಜಕಣಾಚಾರಿ ಕಟ್ಟಿದ್ದು. ಯಾವ ಕೋಣೆ ಕೇಳಿದರೂ ಅಲ್ಲಿಂದ ಬೀದರಿನವರೆಗೆ ಸುರಂಗ.

ಬಿಸಿಲೂರು

ಅಷ್ಟು ಸುರಂಗ ಇದ್ದಿದ್ದರೆ ಮೇ ತಿಂಗಳಲ್ಲಿ ನಾವೆಲ್ಲ ಅದರೊಳಗೇ ಓಡಾಡುತ್ತಿದ್ದೆವು.

ಶಾಸನ ಟೀಚರ್

ನಗು ಬಂತು, ಆದರೆ ಜಕಣಾಚಾರಿಯ ಮಾತು ನನಗೆ ನೋವಿನ ವಿಷಯ. ಹೊಯ್ಸಳರ ನಾಡಿನ ಕಥೆಗಳ ಶಿಲ್ಪಿಯನ್ನು ತಂದು ರಾಷ್ಟ್ರಕೂಟರ ಮಳಖೇಡದಲ್ಲಿ ಕೂರಿಸಿದರೆ ನಡುವಿನ ಮುನ್ನೂರು ವರ್ಷ ಎಲ್ಲಿ ಹೋಯಿತು? ನಮ್ಮ ಜಿಲ್ಲೆಯ ಕಲ್ಲುಗಳು ತಮ್ಮ ಕಥೆಯನ್ನು ತಾವೇ ಬರೆದುಕೊಂಡಿವೆ. ಓದಿ ಹೇಳುವವರು ಜೊತೆಗೆ ಬೇಕು, ಅಷ್ಟೆ.

ಬ್ರಹ್ಮಪುರದ ಸಹೋದರರೇ, ನಿಮ್ಮ ತಂದೆ ಗ್ರಂಥಪಾಲಕರಾಗಿದ್ದವರು ಎಂದಿರಿ. ಹಾಗಿದ್ದರೆ ಆ ಪಟ್ಟಿಯಲ್ಲಿ ಉಳಿದ ಹತ್ತನ್ನು ಬಿಟ್ಟರೂ ಚಿಂತೆಯಿಲ್ಲ, ನಾಗಾವಿ ಬಿಡಬೇಡಿ. ಅಲ್ಲಿನ 1058ರ ಶಾಸನ ಒಂದು ಘಟಿಕಾಸ್ಥಾನದ, ಅಂದರೆ ಆ ಕಾಲದ ವಿದ್ಯಾಕೇಂದ್ರದ ಲೆಕ್ಕಪತ್ರ ಇದ್ದಂತೆ. ಕಲ್ಯಾಣ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಕಾಲ. ಅವನ ದಂಡನಾಯಕ ಮಧುಸೂದನ ಗುಡಿ ಕಟ್ಟಿಸಿ, ಅದರ ಜೊತೆಗೆ ವೇದ ಮತ್ತು ಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಊಟ ವಸತಿ, ಕಲಿಸುವವರಿಗೆ ಭೂಮಿ ಎಲ್ಲವನ್ನೂ ಗೊತ್ತು ಮಾಡುತ್ತಾನೆ. ಆ ಪಟ್ಟಿಯಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರು ಬರುತ್ತಾರೆ. ಸರಸ್ವತೀ ಭಂಡಾರ ಎಂದರೆ ಪುಸ್ತಕ ಭಂಡಾರ, ಅದನ್ನು ಕಾಯುವವರೇ ಭಂಡಾರಿಗರು. ಸುಮಾರು ಸಾವಿರ ವರ್ಷದ ಹಿಂದೆ, ಚಿತ್ತಾಪುರದಿಂದ ಕೂಗಳತೆಯಲ್ಲಿ, ಸಂಬಳಕ್ಕೆ ಭೂಮಿ ಪಡೆದ ಆರು ಗ್ರಂಥಪಾಲಕರು! ಹತ್ತು ನಿಮಿಷ ನಿಲ್ಲುವ ಕ್ರೂಸರ್‌ನಲ್ಲಿ ಇದನ್ನು ಯಾರು ಹೇಳುತ್ತಾರೆ?

ಇನ್ನು ಸನ್ನತಿ. ಚಂದ್ರಲಾಂಬೆಯ ಗುಡಿಗೆ ಹೋಗುವವರು ದೇವಿಗೆ ಉಡಿ ತುಂಬಿ ಬರುತ್ತಾರೆ, ಒಳ್ಳೆಯದು. ಅದೇ ಆವರಣದ ಕಾಳಿಕಾ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಕಲ್ಲುಗಳನ್ನು ಎತ್ತುವಾಗ ದೇವಿಯ ಪೀಠವಾಗಿದ್ದ ಚಪ್ಪಡಿಯ ಎರಡೂ ಬದಿಗೆ ಬ್ರಾಹ್ಮಿ ಅಕ್ಷರ ಕಂಡವು. ಅಶೋಕನ ಶಾಸನ! ಮೂರ್ತಿಯನ್ನು ಸಿಕ್ಕಿಸಲು ಹಿಂದಿನವರು ಅಕ್ಷರಗಳ ನಡುವೆಯೇ ದೊಡ್ಡ ತೂತು ಕೊರೆದಿದ್ದರು. ಅವರಿಗೆ ಅದು ಬರಹವಲ್ಲ, ಗಟ್ಟಿ ಕಲ್ಲು. ಇದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಕಳಿಂಗ ಗೆದ್ದ ಮೇಲೆ ಅಲ್ಲಿನ ಅಧಿಕಾರಿಗಳಿಗೆಂದು ಅಶೋಕ ಧೌಳಿಯಲ್ಲೂ ಜೌಗಡದಲ್ಲೂ ಎರಡು ಪ್ರತ್ಯೇಕ ಶಾಸನ ಹಾಕಿಸಿದ. ಅವು ಒಡಿಶಾದ ಆಚೆ ಸಿಕ್ಕಿದ್ದು ನಮ್ಮ ಭೀಮಾ ದಂಡೆಯಲ್ಲಿ. ಕಳಿಂಗಕ್ಕೆಂದು ಬರೆದ ಮಾತು ಇಲ್ಲಿಗೆ ಏಕೆ ಬಂತು ಎಂದು ವಿದ್ವಾಂಸರು ಈಗಲೂ ತಲೆ ಕೆರೆದುಕೊಳ್ಳುತ್ತಾರೆ. ಪ್ರವಾಸಿ ಅಲ್ಲಿ ಒಂದು ತೆಂಗಿನಕಾಯಿ ಒಡೆದು ಬಸ್ ಹತ್ತುತ್ತಾನೆ.

ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಉತ್ಖನನ ಮಾಡಿ ದೊಡ್ಡ ಬೌದ್ಧ ಸ್ತೂಪವನ್ನು ಹೊರತೆಗೆಯಿತು. ಅಲ್ಲಿನ ಒಂದು ಫಲಕದಲ್ಲಿ ರಾಜ, ರಾಣಿ, ಕೊಡೆ ಚಾಮರ ಹಿಡಿದ ಹೆಂಗಸರು. ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂದಿದೆ. ಹೆಸರು ಬರೆದಿದ್ದರಿಂದಲೇ ಇವನು ಅಶೋಕ ಎಂದು ಅನುಮಾನವಿಲ್ಲದೆ ಹೇಳಬಹುದು. ಇದೆಲ್ಲ ಕೆತ್ತಿದ್ದು ಇಲ್ಲಿನದೇ ಸುಣ್ಣಕಲ್ಲಿನಲ್ಲಿ, ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಫರ್ಶಿಯ ಬಂಧು ಎನ್ನಬಹುದು.

ನನ್ನ ಸಲಹೆ ಇಷ್ಟೇ. ಒಂದು ದಿನಕ್ಕೆ ಒಂದು ದಿಕ್ಕು. ಬೆಳಿಗ್ಗೆ ಸನ್ನತಿ, ಕನಗನಹಳ್ಳಿ, ಮಧ್ಯಾಹ್ನ ನಾಗಾವಿ, ಹೊತ್ತಿದ್ದರೆ ವಾಪಸ್ ಬರುತ್ತಾ ಮಳಖೇಡ.

ಭೀಮಾತೀರದ ಭಕ್ತ

ಟೀಚರ್ ಹೇಳಿದ್ದೆಲ್ಲ ಸರಿ. ಆದರೆ ಗಾಣಗಾಪುರವನ್ನು ಹೀಗೆ ಪಟ್ಟಿಯಿಂದ ಕಿತ್ತು ಹಾಕಿದ್ದು ಸರಿಯಲ್ಲ. ವಯಸ್ಸಾದವರಿಗೆ ಕಲ್ಲಿನ ಅಕ್ಷರಕ್ಕಿಂತ ದೇವರ ಮುಖ ಮುಖ್ಯ.

ಶಾಸನ ಟೀಚರ್

ಕಿತ್ತು ಹಾಕಿಲ್ಲ ಸರ್, ಬೇರೆ ದಿನಕ್ಕೆ ಇಟ್ಟಿದ್ದೇನೆ. ಗಾಣಗಾಪುರಕ್ಕೆ ಹೋದ ಮೇಲೆ ಮಧ್ಯಾಹ್ನದವರೆಗೆ ಇರದೆ ಬಂದರೆ ಏನು ಹೋದಂತಾಯಿತು, ನೀವೇ ಹೇಳಿ.

ಭೀಮಾತೀರದ ಭಕ್ತ

ಅದು ನಿಜ, ಒಪ್ಪಿದೆ. ನಡುಹಗಲಿನ ಮಧುಕರಿ, ಅಂದರೆ ಮನೆ ಮನೆಯ ಭಿಕ್ಷೆಯೇ ಅಲ್ಲಿನ ಜೀವ. ಆ ಹೊತ್ತಿಗೆ ದತ್ತ ಮಹಾರಾಜರು ಯಾವುದಾದರೂ ರೂಪದಲ್ಲಿ ಭಿಕ್ಷೆಗೆ ಬರುತ್ತಾರೆಂದು ನಂಬಿಕೆ. ಅದಕ್ಕೇ ಭಿಕ್ಷೆ ಹಾಕುವವರೂ ಬೇಡುವವರೂ ಅಲ್ಲಿ ಒಂದೇ. ಕಾರಿನಲ್ಲಿ ಬಂದವರೂ ಜೋಳಿಗೆ ಹಿಡಿದು ಐದು ಮನೆ ಬೇಡುತ್ತಾರೆ. ಬೆಳಿಗ್ಗೆ ಭೀಮಾ ಅಮರಜಾ ಸಂಗಮದಲ್ಲಿ ಸ್ನಾನ, ಔದುಂಬರ ವೃಕ್ಷದ ಪ್ರದಕ್ಷಿಣೆ, ಆಮೇಲೆ ಮಠಕ್ಕೆ ಬಂದು ಚಿಕ್ಕ ಕಿಂಡಿಯಲ್ಲಿ ನಿರ್ಗುಣ ಪಾದುಕೆಗಳ ದರ್ಶನ. ಬಗ್ಗಿ ನೋಡಬೇಕು, ಕ್ಷಣ ಮಾತ್ರ. ಗುರುವಾರ, ಹುಣ್ಣಿಮೆ ಬೇಡವೇ ಬೇಡ, ಮಹಾರಾಷ್ಟ್ರದ ಬಸ್ಸುಗಳೇ ಊರು ತುಂಬಿರುತ್ತವೆ. ಪುಣೆಯಿಂದ ರೈಲಿನಲ್ಲಿ ನೇರವಾಗಿ ಬರುವವರಿಗೆ ಇನ್ನೊಂದು ಮಾತು: ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದು ಗುಡಿ ಎದುರಿಗೇ ಇದೆ ಎಂದುಕೊಳ್ಳಬೇಡಿ. ಅಲ್ಲಿಂದ ಸುಮಾರು 20 ಕಿಲೋಮೀಟರ್ ಇದೆ. 'ರೋಡ್' ಎಂಬ ಪದಕ್ಕೆ ರೈಲ್ವೆಯವರ ಅರ್ಥವೇ ಬೇರೆ.

ಮೊದಲು ಗೈಡ್ ಆಗಿದ್ದೆ

ಎಲ್ಲರೂ ಗೈಡ್ ಮೇಲೆ ಬೀಳುತ್ತಿದ್ದೀರಿ, ಅವನ ಕಡೆಯದನ್ನೂ ಕೇಳಿ. ನಾನು ನಾಲ್ಕು ವರ್ಷ ಇಂಥ ಪ್ರವಾಸಗಳಲ್ಲಿ ಹೋಗಿದ್ದೇನೆ. ಪಟ್ಟಿಯಲ್ಲಿ ಮೂರು ಜಾಗ ಬರೆದರೆ ಜನ 'ಮೂರೇನಾ?' ಎನ್ನುತ್ತಾರೆ. ಹನ್ನೊಂದು ಬರೆದವನ ಗಾಡಿ ತುಂಬುತ್ತದೆ. ನಾಗಾವಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ ಶಾಸನದ ಬಗ್ಗೆ ಹೇಳಲು ಹೋದೆ ಒಮ್ಮೆ. ಐದು ನಿಮಿಷಕ್ಕೆ ಒಬ್ಬರು ಗಡಿಯಾರ ನೋಡಿದರು, ಒಬ್ಬರು ಚಹಾ ಎಲ್ಲಿ ಎಂದರು, ಹಿಂದಿನಿಂದ ಒಂದು ದನಿ, 'ಸುರಂಗ ಇದೆಯೇನ್ರೀ ಇಲ್ಲಿ?' ನಾನು ಇಲ್ಲ ಎಂದೆ. ಎಲ್ಲರ ಮುಖ ಬಾಡಿತು. ಮುಂದಿನ ವಾರದಿಂದ ಇದೆ ಎನ್ನತೊಡಗಿದೆ. ಇನಾಮು ಹೆಚ್ಚಾಯಿತು.

ಆ ಹುಡುಗನಿಗೆ ದಿನಕ್ಕೆ ಕೊಡುವುದು ಊಟ, ಮೇಲೆ ಕೈಖರ್ಚು. ಕಲಿಯಲಿ ಎಂದರೆ ಯಾರು ಕಲಿಸಿದ್ದಾರೆ? ಹಂಪಿಯಲ್ಲಿ ಗುರುತಿನ ಚೀಟಿ ಇರುವ ಗೈಡ್‌ಗಳ ಸಾಲೇ ಸಿಗುತ್ತದೆ. ಸನ್ನತಿಯಲ್ಲಿ ನೀವು ಹೋದ ದಿನ ಕಾವಲುಗಾರ ಸಿಕ್ಕರೆ ನಿಮ್ಮ ಪುಣ್ಯ.

ಶಾಸನ ಟೀಚರ್

ಸುರಂಗದ ತಪ್ಪೊಪ್ಪಿಗೆ ಚೆನ್ನಾಗಿದೆ ಸರ್. ಆದರೆ ಕೇಳುವವರು ಒಬ್ಬರಾದರೂ ಇರುತ್ತಾರೆ, ಆ ಒಬ್ಬರಿಗೆ ಹೇಳಬಹುದಿತ್ತು.

ಮೊದಲು ಗೈಡ್ ಆಗಿದ್ದೆ

ಹೇಳಿದ್ದೇನೆ ಟೀಚರ್. ಆ ಒಬ್ಬರು ಯಾವಾಗಲೂ ಗಾಡಿಯ ಹಿಂದಿನ ಸೀಟಿನಲ್ಲೇ ಕುಳಿತಿರುತ್ತಿದ್ದರು.

ಚಿತ್ತಾಪುರ ಅಕ್ಕ

ಗೈಡ್ ವಿಷಯ ಗಂಡಸರು ಮಾತಾಡಿಕೊಳ್ಳಲಿ. ಮೊಣಕಾಲು ನೋವಿರುವ ಹೆಣ್ಣುಮಗಳನ್ನು ಹದಿನೈದು ತಾಸು ತಿರುಗಿಸುವ ಮೊದಲು ಶೌಚಾಲಯ ಎಲ್ಲಿ ಎಂದು ಇಷ್ಟು ಮಾತಿನಲ್ಲಿ ಒಬ್ಬರಾದರೂ ಕೇಳಿದರೇ? ಸ್ಮಾರಕಗಳ ಹತ್ತಿರದ್ದನ್ನು ನಂಬಬೇಡಿ. ಶಹಾಬಾದ್ ಅಥವಾ ಚಿತ್ತಾಪುರದ ಒಳ್ಳೆಯ ಹೋಟೆಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಮುಗಿಸಿಕೊಂಡೇ ಮುಂದೆ ಹೋಗಿ.

ಊಟಕ್ಕೆ ಬುತ್ತಿ ಕಟ್ಟಿಕೊಳ್ಳಿ. ಕಟಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಮೊಸರು. ಸನ್ನತಿ ಹತ್ತಿರ ಮಧ್ಯಾಹ್ನ ಊಟ ಸಿಗುತ್ತದೆಂಬ ಭರವಸೆಯಲ್ಲಿ ಹೋಗಬೇಡಿ. ಅವ್ವನಿಗೆ ದಪ್ಪ ಕಾಲುಚೀಲ ತೆಗೆದುಕೊಳ್ಳಿ. ಡಿಸೆಂಬರಿನಲ್ಲೂ ಎರಡು ಗಂಟೆಗೆ ಕಲ್ಲು ಕಾಯುತ್ತದೆ, ಬರಿಗಾಲಿನಲ್ಲಿ ಗುಡಿಯಂಗಳ ದಾಟುವುದು ಸುಲಭವಲ್ಲ. ಮಡಚುವ ಕುರ್ಚಿ ಒಂದು ಗಾಡಿಯಲ್ಲಿರಲಿ. ನಾಗಾವಿಯ ಅರವತ್ತು ಕಂಬದ ಗುಡಿಯೊಳಗೆ ನೆರಳಿದೆ, ಅವರು ಅಲ್ಲಿ ಕುಳಿತರೆ ನೀವು ಎಷ್ಟು ಹೊತ್ತು ಬೇಕಾದರೂ ಸುತ್ತಿ ಬರಬಹುದು. ಹಿಂದಿನ ದಿನ ಮಳೆಯಾಗಿದ್ದರೆ ಕನಗನಹಳ್ಳಿ ಬಿಟ್ಟುಬಿಡಿ. ನಮ್ಮ ಎರೆ ಮಣ್ಣು ಚಪ್ಪಲಿ ಹಿಡಿದರೆ ಮನೆಯವರೆಗೂ ಬಿಡುವುದಿಲ್ಲ.

ವಾಡಿ ಕಡೆ ಸಿಮೆಂಟ್ ಲಾರಿಗಳ ಸಾಲು ಇರುತ್ತದೆ, ಬೇಗ ಹೊರಡಿ.

ಕ್ರೂಸರ್ ಹಿಂದಿನ ಸೀಟು

ಅಕ್ಕಾ, ನೀವು ಆ ಪ್ರವಾಸ ನಡೆಸಿದ್ದರೆ ನಾನು ಮುಂಗಡ ಕೊಟ್ಟು ಬರುತ್ತಿದ್ದೆ.

ಹುಮನಾಬಾದ್ ಕಾಕಾ

ನಿಮ್ಮ ಕಲಬುರಗಿಯವರು ಭೀಮೆಯನ್ನು ಬಿಟ್ಟು ಈ ಕಡೆ ತಲೆಯನ್ನೇ ಎತ್ತುವುದಿಲ್ಲ. ಗುಡಿ ನೋಡಬೇಕೆಂದರೆ ಜಲಸಂಗಿಗೆ ಬನ್ನಿ. ಹುಮನಾಬಾದ್ ತಾಲ್ಲೂಕು, ಊರು ಚಿಕ್ಕದು. ಅಲ್ಲಿನ ಈಶ್ವರ ಗುಡಿಯ ಹೊರಗೋಡೆಯ ತುಂಬ ಹೆಣ್ಣುಗಳ ಶಿಲ್ಪ. ಒಬ್ಬಳು ನಿಮ್ಮ ಕಡೆಗೆ ಬೆನ್ನು ಮಾಡಿ ನಿಂತು ಬರೆಯುತ್ತಿದ್ದಾಳೆ. ಅವಳ ಕೈಯ ಮುಂದಿನ ಕಲ್ಲಿನಲ್ಲಿ ನಿಜವಾದ ಅಕ್ಷರಗಳೇ ಇವೆ, ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯ. ಅರಸನ ಹೊಗಳಿಕೆಯನ್ನು ಹೆಣ್ಣೊಬ್ಬಳ ಕೈಯಲ್ಲಿ ಬರೆಸಿದ ಆ ಶಿಲ್ಪಿ ಯಾರೋ, ಅವನಿಗೆ ನಮಸ್ಕಾರ. ಬೇಲೂರಿನ ಕನ್ನಡಿ ಹಿಡಿದವಳಿಗಿಂತ ನಮ್ಮ ಬರೆಯುವವಳು ವಯಸ್ಸಿನಲ್ಲೂ ಹಿರಿಯಳು, ಕೆಲಸದಲ್ಲೂ ಮೇಲು.

ಬಿಸಿಲೂರು

ಕಾಕಾ, ಹಾಸನದವರು ಓದುತ್ತಿರಬಹುದು.

ಹುಮನಾಬಾದ್ ಕಾಕಾ

ಓದಲಿ. ಅವಳೂ ಅದಕ್ಕೇ ಬರೆಯುತ್ತಿದ್ದಾಳೆ. ಬರುವವರು ಹೇಳಿ ಬನ್ನಿ, ನಮ್ಮ ಮನೆಯಲ್ಲಿ ರೊಟ್ಟಿ ಇದೆ.

ಶಾಸನ ಟೀಚರ್

ಕಾಕಾ ಹೇಳಿದ ವಿಕ್ರಮಾದಿತ್ಯನ ಕಾಲದವರೇ ಮಿತಾಕ್ಷರಾ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರರು. ಅವರ ಊರೆಂದು ಹೇಳುವ ಮರತೂರು ನಿಮಗೆ ಶಹಾಬಾದ್ ದಾರಿಯಲ್ಲೇ ಸಿಗುತ್ತದೆ. ಅಪ್ಪನ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು ಎಂಬ ಮಾತು ಅವರದು. ಅಣ್ಣತಮ್ಮಂದಿರು ಜೊತೆಯಲ್ಲಿ ಹೊರಟಿದ್ದರೆ ಅಲ್ಲಿ ಗಾಡಿ ನಿಲ್ಲಿಸುವುದು ಬೇಡ.

ನೆಹರೂ ಗಂಜ್ ಅಡತಿ

ಗಾಡಿ ಬಾಡಿಗೆಗೆ ಹಣ ಹಾಕುವ ಮೊದಲು ಊರೊಳಗಿನದನ್ನು ನೋಡಿ. ಸೇಡಂ ರಸ್ತೆಯಲ್ಲಿ ಬಹಮನಿ ಕಾಲದ ಎರಡು ಗುಮ್ಮಟಗಳೊಳಗೆ ಸರ್ಕಾರಿ ವಸ್ತು ಸಂಗ್ರಹಾಲಯ ಇದೆ, ಸನ್ನತಿಯ ಕಲ್ಲುಗಳು ಅಲ್ಲೂ ಇವೆ. ಕೋಟೆಯೊಳಗೆ 1367ರ ಜಾಮಿ ಮಸೀದಿ. ಬೇರೆ ಮಸೀದಿಗಳಂತೆ ತೆರೆದ ಅಂಗಳ ಅದಕ್ಕಿಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಮುಚ್ಚಿಗೆ. ಬೇಸಿಗೆಯಲ್ಲಿ ಅದರ ಒಳಗೆ ನಿಂತರೆ ಕಟ್ಟಿದವನು ನಮ್ಮ ಊರಿನ ಬಿಸಿಲು ಉಂಡವನು ಎನಿಸುತ್ತದೆ.

ಭೀಮಾತೀರದ ಭಕ್ತ

ಪ್ರಶ್ನೆ ಗುಡಿಗಳದ್ದಲ್ಲವೇ? ಮಸೀದಿ ಏಕೆ ಬಂತು?

ನೆಹರೂ ಗಂಜ್ ಅಡತಿ

ಬಿಸಿಲು ಹೆಚ್ಚಾದಾಗ ನೆರಳು ಯಾರದೆಂದು ಕೇಳುತ್ತೀರಾ ಅಣ್ಣಾ? ಬೀದರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಉರುಸಿಗೆ ನಮ್ಮ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ನಡೆದುಕೊಂಡು ಹೋಗುತ್ತಾರೆ. ಅವರು ಕೇಳಲಿಲ್ಲ.

ಭೀಮಾತೀರದ ಭಕ್ತ

ಸರಿಯಪ್ಪ, ಸೋತೆ. ನೋಡಲಿ.

ಬ್ರಹ್ಮಪುರದವನು

ಎಲ್ಲರಿಗೂ ನಮಸ್ಕಾರ, ಹೋಗಿ ಬಂದೆವು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಪಟ್ಟಿಯ ಪ್ರವಾಸ ಬಿಟ್ಟು ಸ್ವಂತಕ್ಕೆ ಒಂದು ಕಾರು ಮಾತಾಡಿದೆವು. ಅಪ್ಪನಿಗೆ ಮೊದಲು ಬೇಸರವಾಯಿತು. ಅದೇ ದುಡ್ಡಿಗೆ ಹನ್ನೊಂದು ಬರುತ್ತಿದ್ದಾಗ ನಾಲ್ಕು ಏಕೆ ಎಂದು ಶಹಾಬಾದ್‌ವರೆಗೆ ಲೆಕ್ಕ ಹಾಕುತ್ತಲೇ ಬಂದರು. ಗೈಡ್ ಆಗಿದ್ದ ಅಣ್ಣನವರನ್ನು ಇಲ್ಲೇ ಖಾಸಗಿಯಾಗಿ ಕೇಳಿಕೊಂಡೆ, ಅವರು ಬಂದರು. ಸುರಂಗದ ಸುದ್ದಿ ಎತ್ತಲಿಲ್ಲ.

ಸನ್ನತಿಯಲ್ಲಿ ಅವ್ವ ಉಡಿ ತುಂಬಿದಳು. ಕನಗನಹಳ್ಳಿಯಲ್ಲಿ ಅಶೋಕನ ಫಲಕದ ಮುಂದೆ ಅಣ್ಣನವರು ಬೆರಳು ತಾಗಿಸದೆ, ಗಾಳಿಯಲ್ಲೇ ತೋರಿಸುತ್ತಾ ಒಂದೊಂದು ಅಕ್ಷರ ಓದಿಸಿದರು. ರಾ, ಯೋ, ಅ, ಸೋ, ಕೋ. ಅಪ್ಪ ಮಗುವಿನಂತೆ ಎರಡು ಸಲ ಹೇಳಿದರು. ಅವ್ವ ಅರಸನನ್ನು ನೋಡಲೇ ಇಲ್ಲ. ಕೊಡೆ ಹಿಡಿದವಳನ್ನೇ ನೋಡುತ್ತಾ, 'ಇವಳು ಎಷ್ಟು ಹೊತ್ತಿನಿಂದ ನಿಂತಿದ್ದಾಳೋ, ಮೊಣಕಾಲು ಎಷ್ಟು ನೋಯುತ್ತದೋ' ಎಂದಳು. ಅಣ್ಣನವರು ನಾಲ್ಕು ವರ್ಷದಲ್ಲಿ ಯಾರೂ ಆ ಮಾತು ಆಡಿರಲಿಲ್ಲ ಎಂದರು.

ನಾಗಾವಿಗೆ ಎರಡು ಗಂಟೆಗೆ ಬಂದೆವು. ಚಿತ್ತಾಪುರ ಅಕ್ಕ ಹೇಳಿದಂತೆ ಕುರ್ಚಿ ತೆಗೆದುಕೊಂಡು ಹೋಗಿದ್ದೆ, ಆದರೆ ಅವ್ವ ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆಯೇ ಕುಳಿತಳು. ತಂಪು ಕಲ್ಲು. ಅಲ್ಲೇ ಬುತ್ತಿ ಬಿಚ್ಚಬೇಕೆಂದಿದ್ದೆವು, ಒಳಗೆ ಬೇಡವೆಂದು ಅಪ್ಪ ಹೊರಗೆ ಬೇವಿನ ಮರದ ಕೆಳಗೆ ಹಾಸಿದರು. ಊಟವಾದ ಮೇಲೆ ಟೀಚರ್ ಬರೆದದ್ದನ್ನು ಮೊಬೈಲ್‌ನಲ್ಲಿ ತೆಗೆದು ಅವರಿಗೆ ಓದಿ ಹೇಳಿದೆ. ಸರಸ್ವತೀ ಭಂಡಾರಿಗರು ಎಂಬಲ್ಲಿ ಕೈ ಎತ್ತಿ ನಿಲ್ಲಿಸಿದರು.

'ಎಷ್ಟು ಜನ ಅಂದೆ?'

'ಆರು.'

'ಆರು ಜನ ಮಂಜೂರು ಮಾಡಿದ್ದನಾ?' ಸ್ವಲ್ಪ ಹೊತ್ತು ಸುಮ್ಮನಿದ್ದರು. 'ನಮ್ಮಲ್ಲಿ ಮೂರು ಹುದ್ದೆ ಇದ್ದವು. ಕೊನೆಯ ಹನ್ನೆರಡು ವರ್ಷ ನಾನೊಬ್ಬನೇ ಇದ್ದೆ. ಬಾಗಿಲು ತೆರೆಯುವುದೂ ನಾನೇ, ಧೂಳು ಹೊಡೆಯುವುದೂ ನಾನೇ.' ಆಮೇಲೆ ಎದ್ದು ಒಬ್ಬರೇ ಗುಡಿಯ ಸುತ್ತ ಹೋದರು. ಅರ್ಧ ಗಂಟೆ ಬರಲಿಲ್ಲ. ನೋಡಿದರೆ ಶಾಸನದ ಕಲ್ಲಿನ ಮುಂದೆ ನಿಂತು, ಕರವಸ್ತ್ರದಿಂದ ಅದರ ಬುಡದಲ್ಲಿ ಬಿದ್ದಿದ್ದ ಎಲೆ, ಧೂಳು ಗುಡಿಸುತ್ತಿದ್ದರು. ಕಲ್ಲನ್ನು ಮುಟ್ಟಿರಲಿಲ್ಲ. ಅದು ಬೇರೆಯವರ ಇಲಾಖೆ ಎಂದರು.

ಮಳಖೇಡಕ್ಕೆ ಐದಕ್ಕೆ ಬಂದೆವು. ಅಮೋಘವರ್ಷ ನೃಪತುಂಗ ಅರವತ್ತು ವರ್ಷಕ್ಕೂ ಮಿಕ್ಕಿ ಆಳಿದ ರಾಜಧಾನಿ, 972ರಲ್ಲಿ ಪರಮಾರರು ಸುಲಿದ ಊರು ಎಂದು ಅಣ್ಣನವರು ಹೇಳುತ್ತಿದ್ದಾಗ ಕೋಟೆಯೊಳಗಿನ ಮನೆಯೊಂದರ ಮುಂದೆ ಹೆಂಗಸೊಬ್ಬರು ತೊಗರಿ ಕೇರುತ್ತಿದ್ದರು. ಅವ್ವ ಅವರ ಜೊತೆ ಈ ವರ್ಷದ ಫಸಲಿನ ಮಾತಿಗೆ ಕುಳಿತುಬಿಟ್ಟಳು. ಬಸದಿ ನೋಡಿ ಬರುವಷ್ಟರಲ್ಲಿ ಚಹಾ ಆಗಿತ್ತು, ಎರಡು ಸೇರು ತೊಗರಿಬೇಳೆಯೂ ಕಾರು ಸೇರಿತ್ತು.

ವಾಪಸ್ ಬರುವಾಗ ಅಪ್ಪ ಕೇಳಿದರು, 'ಆ ಬರೆಯುವ ಹುಡುಗಿ ಇರುವ ಗುಡಿ ಎಲ್ಲಿ ಎಂದಿದ್ದರು?' ಹುಮನಾಬಾದ್ ಕಾಕಾ, ನಾನು ಸಂಕ್ರಾಂತಿಯವರೆಗೆ ರಜೆ ಮುಂದುವರಿಸಿದ್ದೇನೆ.

ಹುಮನಾಬಾದ್ ಕಾಕಾ

ಎಷ್ಟು ಜನ ಎಂದು ಹೇಳಪ್ಪಾ, ಹಿಟ್ಟು ಹಾಕಿಸಬೇಕು.

ಕ್ರೂಸರ್ ಹಿಂದಿನ ಸೀಟು

ನನ್ನನ್ನೂ ಎಣಿಸಿ ಕಾಕಾ. ಮುಂದಿನ ಸೀಟಾದರೆ.